ಕ್ವಾಂಟಮ್ ವಿದ್ಯೆಯೂ ನಮ್ಮ ಜಿಲ್ಲೆಯ ಕರ್ತವ್ಯವೂ

ಕರ್ನಾಟಕ ಸರಕಾರದವರು ೨೦೨೫ನೆಯ ಇಸವಿಯ ಜುಲೈ ೩೧ರಂದು ಬೆಂಗಳೂರಿನಲ್ಲಿ ಕ್ವಾಂಟಮ್ ಸಮ್ಮೇಳನವನ್ನು ಕೂಡಿಸಿ, ಆ ಶಾಸ್ತ್ರದ ಅಭಿವೃದ್ಧಿಗಾಗಿ ಒಂದು ಸಾವಿರ ಕೋಟಿ ರೂಪಾಯಿಗಳ ಕಾರ್ಯಕ್ರಮವನ್ನು ಸಾರಿದರು. ಇದಕ್ಕೆ ಎರಡು ವರ್ಷ ಮೊದಲೇ, ೨೦೨೩ರ ಎಪ್ರಿಲ್ ೧೯ರಂದು, ಕೇಂದ್ರ ಮಂತ್ರಿಮಂಡಲವು ರಾಷ್ಟ್ರೀಯ ಕ್ವಾಂಟಮ್ ಮಿಶನ್ ಎಂಬ ಮಹಾಯೋಜನೆಗೆ ೬,೦೦೩.೬೫ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತ್ತು. ಈ ಯೋಜನೆಯ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಮ್ ಗಣಕಯಂತ್ರದ ಭಾಗವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಂದರೆ ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಿದ್ದ ವಿದ್ಯಾಲಯಕ್ಕೆ, ಬಂದಿರುವುದು ಕನ್ನಡನಾಡಿಗೆ ಹೆಮ್ಮೆಯ ವಿಷಯವೇ ಸರಿ. ಇಷ್ಟು ದೊಡ್ಡ ದ್ರವ್ಯವನ್ನು ಶುದ್ಧ ವಿದ್ಯೆಯ ಹೆಸರಿನಲ್ಲಿ ತೆಗೆದಿರಿಸಿದ ಉಭಯ ಸರಕಾರಗಳನ್ನೂ ನಾವು ಮನಃಪೂರ್ವಕವಾಗಿ ಅಭಿನಂದಿಸುತ್ತೇವೆ.

ಆದರೆ ಅಭಿನಂದನೆಯ ಬೆನ್ನಿಗೇ ಒಂದು ಪ್ರಶ್ನೆಯನ್ನು ಕೇಳದೆ ಇರಲಾಗದು. ಈ ಸಾವಿರಾರು ಕೋಟಿಗಳ ವಿದ್ಯೆಯನ್ನು ಕಲಿಯುವವರು ಯಾರು, ಕಲಿಸುವವರು ಯಾರು? ಬಜಪೆಯಂತಹ ಊರಿನಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿ, ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ತನ್ನ ಓರಗೆಯವರನ್ನು ಮೀರಿಸಿದ ಹುಡುಗನೋ ಹುಡುಗಿಯೋ ನಾಳೆ ಈ ಶಾಸ್ತ್ರದಲ್ಲಿ ಸಂಶೋಧನೆ ಮಾಡಬೇಕೆಂದು ಹೊರಟರೆ ಅವರಿಗೆ ದಾರಿ ತೋರಿಸುವವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ? ಯಂತ್ರವನ್ನು ಹಣ ಕೊಟ್ಟು ತರಿಸಬಹುದು, ಕಟ್ಟಡವನ್ನು ಎರಡು ವರ್ಷದಲ್ಲಿ ಎಬ್ಬಿಸಬಹುದು. ಒಬ್ಬ ಸಂಶೋಧಕನನ್ನು ಸಿದ್ಧಪಡಿಸುವುದಕ್ಕೆ ಮಾತ್ರ ಹತ್ತು ಹನ್ನೆರಡು ವರ್ಷಗಳು ಬೇಕು. ಆ ವರ್ಷಗಳ ವಿಚಾರವನ್ನೇ ವಾಚಕರ ಮುಂದಿಡಬೇಕೆಂದು ಈ ಲೇಖನ.

ಈ ವಿದ್ಯೆ ಏನೆಂಬುದನ್ನು ಮೊದಲು ನಾಲ್ಕು ಮಾತಿನಲ್ಲಿ ಹೇಳುವುದು ಯುಕ್ತ. ಈಗ ನಮ್ಮ ಮೇಜಿನ ಮೇಲೂ ಜೇಬಿನಲ್ಲೂ ಇರುವ ಗಣಕವು ಸೊನ್ನೆ, ಒಂದು ಎಂಬ ಎರಡೇ ಅಕ್ಷರಗಳಿಂದ ತನ್ನ ಲೆಕ್ಕವನ್ನೆಲ್ಲ ಬರೆಯುತ್ತದೆ. ಪರಮಾಣುವಿನಷ್ಟು ಸೂಕ್ಷ್ಮವಾದ ಪ್ರಪಂಚದಲ್ಲಿ ಒಂದು ವಸ್ತುವು ಈ ಎರಡು ಸ್ಥಿತಿಗಳಲ್ಲಿ ಒಂದರಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಎರಡೂ ಬೆರೆತ ಸ್ಥಿತಿಯಲ್ಲಿಯೂ ಅದು ಇರಬಲ್ಲುದು. ಅಂತಹ ಘಟಕಕ್ಕೆ ಕ್ಯೂಬಿಟ್ ಎಂದು ಹೆಸರು. ಹತ್ತು ಕ್ಯೂಬಿಟ್‌ಗಳ ಸ್ಥಿತಿಯನ್ನು ಕಾಗದದ ಮೇಲೆ ಪೂರ್ಣವಾಗಿ ಬರೆಯಲು ೧,೦೨೪ ಸಂಖ್ಯೆಗಳು ಬೇಕು. ಮೂವತ್ತಕ್ಕೆ ೧೦೭ ಕೋಟಿಗೂ ಮಿಕ್ಕ ಸಂಖ್ಯೆಗಳು ಬೇಕು. ಪ್ರಕೃತಿಯನ್ನು ಲೆಕ್ಕಹಾಕಲು ಪ್ರಕೃತಿಯ ನಿಯಮದಿಂದಲೇ ನಡೆಯುವ ಯಂತ್ರ ಬೇಕೆಂದು ಅಮೇರಿಕದ ರಿಚರ್ಡ್ ಫೈನ್‌ಮನ್ನರು ೧೯೮೧ರಲ್ಲಿ ಹೇಳಿದರು. ೧೯೮೫ರಲ್ಲಿ ಆಕ್ಸ್‌ಫರ್ಡಿನ ಡೇವಿಡ್ ಡಾಯ್ಚರು ಅಂತಹ ಯಂತ್ರದ ಸಿದ್ಧಾಂತವನ್ನು ಕಟ್ಟಿದರು.

ಇಂತಹ ಯಂತ್ರವು ಎಲ್ಲ ಉತ್ತರಗಳನ್ನೂ ಒಮ್ಮೆಗೇ ನೋಡಿ ಸರಿಯಾದುದನ್ನು ಹೆಕ್ಕಿಕೊಡುತ್ತದೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಅಳಿವೆಯ ಬಾಯಲ್ಲಿ ಎರಡು ಕಡೆಯಿಂದ ಬಂದ ತೆರೆಗಳು ಕೂಡುವುದನ್ನು ನಮ್ಮ ಕಡಲ ಮಕ್ಕಳೆಲ್ಲರೂ ಕಂಡಿದ್ದಾರೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ತೆರೆ ಎತ್ತರವಾಗುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ನೀರು ಸಪಾಟಾಗುತ್ತದೆ. ಕ್ವಾಂಟಮ್ ಗಣಕದ ಲೆಕ್ಕವೂ ಹೀಗೆಯೇ: ತಪ್ಪು ಉತ್ತರಗಳ ತೆರೆಗಳು ಒಂದನ್ನೊಂದು ಅಳಿಸಿ, ಸರಿಯುತ್ತರದ ತೆರೆ ಮಾತ್ರ ಎದ್ದುನಿಲ್ಲುವಂತೆ ಯೋಜಿಸಬೇಕು. ಅಂತಹ ಯೋಜನೆ ಎಲ್ಲ ಲೆಕ್ಕಗಳಿಗೂ ದೊರೆಯುವುದಿಲ್ಲ. ದೊರೆತ ಕೆಲವೇ ಲೆಕ್ಕಗಳನ್ನು ಹುಡುಕಿದ ಕೀರ್ತಿಯೆಲ್ಲ ಈ ನಲ್ವತ್ತು ವರ್ಷಗಳ ಸಂಶೋಧಕರದು. ಅಲ್ಲದೆ ಈ ಬೆರೆತ ಸ್ಥಿತಿ ಬಹು ನಾಜೂಕಿನದು. ಹೊರಗಿನ ಅಲ್ಪ ಶಾಖ, ಅಲ್ಪ ಕಂಪನ ಸೋಂಕಿದರೂ ಅದು ಕೆಟ್ಟುಹೋಗುತ್ತದೆ. ಈಗಿನ ಹಲವು ಯಂತ್ರಗಳನ್ನು ಪರಮಶೂನ್ಯ ಉಷ್ಣತೆಗಿಂತ ಒಂದು ಡಿಗ್ರಿಯ ನೂರನೆಯ ಪಾಲಿನಷ್ಟೇ ಮೇಲಿರಿಸಿ ಕಾಪಾಡುವುದು ಈ ಕಾರಣದಿಂದಲೇ.

ಇದೆಲ್ಲ ಬೆಂಗಳೂರಿನವರ, ವಿಲಾಯತಿಯವರ ವಿಷಯ. ಕರಾವಳಿಯ ನಮಗೇನು ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರವು ಬ್ಯಾಂಕುಗಳಿಂದ ಆರಂಭವಾಗುತ್ತದೆ. ಅಮ್ಮೆಂಬಳ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು, ೧೯೨೪ರ ಕರ್ಣಾಟಕ ಬ್ಯಾಂಕು, ೧೯೨೫ರ ಸಿಂಡಿಕೇಟ್ ಬ್ಯಾಂಕು, ೧೯೩೧ರ ವಿಜಯಾ ಬ್ಯಾಂಕು: ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೊಂದೇ ಇಷ್ಟನ್ನು ದೇಶಕ್ಕೆ ಕೊಟ್ಟಿತು. ಇವುಗಳಲ್ಲಿ ಮೂರು ಬ್ಯಾಂಕುಗಳು ೨೦೧೯ ಮತ್ತು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದರೂ ಆ ಸಂಪ್ರದಾಯವು ನಮ್ಮದಾಗಿಯೇ ಉಳಿದಿದೆ. ಇಂದು ಬ್ಯಾಂಕಿನ ಹಣವು ತಿಜೋರಿಯಲ್ಲಿರುವುದಕ್ಕಿಂತ ಹೆಚ್ಚಾಗಿ ತಂತಿಯಲ್ಲಿ ಓಡುತ್ತದೆ. ಅದಕ್ಕೆ ಹಾಕಿದ ಬೀಗವು ಕಬ್ಬಿಣದ್ದಲ್ಲ, ಗಣಿತದ್ದು.

ಆ ಬೀಗದ ಗುಟ್ಟು ಇಷ್ಟೆ. ೮೯ನ್ನು ೯೭ರಿಂದ ಗುಣಿಸೆಂದರೆ ಐದನೆಯ ತರಗತಿಯ ಬಾಲಕನೂ ೮,೬೩೩ ಎನ್ನುವನು. ೮,೬೩೩ನ್ನು ಕೊಟ್ಟು, ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ದೊಡ್ಡವರೂ ತಡವರಿಸುವರು. ನಾಲ್ಕು ಅಂಕಿಗಳ ಬದಲು ಆರುನೂರು ಅಂಕಿಗಳ ಸಂಖ್ಯೆಯಾದರೆ ಈಗಿರುವ ಯಾವ ಗಣಕಕ್ಕೂ ಅದು ಅಸಾಧ್ಯ. ಆದರೆ ೧೯೯೪ರಲ್ಲಿ ಬೆಲ್ ಪ್ರಯೋಗಶಾಲೆಯ ಪೀಟರ್ ಶೋರರು, ಸಮರ್ಥವಾದ ಕ್ವಾಂಟಮ್ ಗಣಕವೊಂದು ಸಿದ್ಧವಾದರೆ ಈ ಬೀಗವು ತೆರೆದುಕೊಳ್ಳುವುದೆಂದು ಗಣಿತದಿಂದ ತೋರಿಸಿಕೊಟ್ಟರು. ಅಷ್ಟು ಸಮರ್ಥವಾದ ಯಂತ್ರವು ಇನ್ನೂ ಆಗಿಲ್ಲ. ಆದರೆ ಇಂದಿನ ಗುಪ್ತಪತ್ರಗಳನ್ನು ಕದ್ದು ಕೂಡಿಟ್ಟು, ಯಂತ್ರ ಬಂದ ದಿನ ಓದಿಕೊಳ್ಳುವ ಹಂಚಿಕೆಗೆ ಅಡ್ಡಿಯೇನಿದೆ? ಈ ಭಯದಿಂದಲೇ ಅಮೇರಿಕದ ಮಾನಕ ಸಂಸ್ಥೆಯು ೨೦೨೪ರ ಆಗಸ್ಟಿನಲ್ಲಿ ಹೊಸ ಬಗೆಯ ಮೂರು ಬೀಗಗಳ ಮಾನಕಗಳನ್ನು ಪ್ರಕಟಿಸಿತು. ಇನ್ನು ನಮ್ಮ ದೇಶದ ಪ್ರತಿಯೊಂದು ಬ್ಯಾಂಕಿನ, ಕಚೇರಿಯ, ರಕ್ಷಣಾ ಇಲಾಖೆಯ ಬೀಗವನ್ನೂ ಬದಲಾಯಿಸಬೇಕಾಗಿದೆ. ಅದನ್ನು ಬದಲಾಯಿಸುವ ಜನರು ನಮ್ಮವರೇ ಆಗಿರಬೇಕೋ, ಅಥವಾ ಬೀಗವನ್ನೂ ಕೀಲಿಕೈಯನ್ನೂ ಪರದೇಶದಿಂದ ಕೊಂಡು ತರಬೇಕೋ? ಸ್ವಾತಂತ್ರ್ಯದ ಬೆಲೆಯನ್ನು ಅರಿತ ಯಾವ ದೇಶವೂ ಈ ಪ್ರಶ್ನೆಯನ್ನು ಹಗುರಾಗಿ ಎಣಿಸದು.

ಈಗ ಸಂಶೋಧನೆಯ ವಿದ್ಯಾರ್ಥಿಯ ವಿಚಾರಕ್ಕೆ ಬರೋಣ. ೨೦೨೫ನೆಯ ವರ್ಷದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಎಂಬ ಮೂವರಿಗೆ ದೊರೆಯಿತು. ಕೈಯಲ್ಲಿ ಹಿಡಿಯಬಹುದಾದಷ್ಟು ದೊಡ್ಡದಾದ ವಿದ್ಯುನ್ಮಂಡಲವೂ ಪರಮಾಣುವಿನ ನಿಯಮಗಳಂತೆಯೇ ವರ್ತಿಸಬಲ್ಲುದೆಂದು ಇವರು ೧೯೮೪-೮೫ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಪ್ರಯೋಗದಿಂದ ತೋರಿಸಿದ್ದರು. ವಾಚಕರು ಗಮನಿಸಬೇಕಾದ ಅಂಶವೇನೆಂದರೆ, ಆ ಮೂವರಲ್ಲಿ ಕ್ಲಾರ್ಕರು ಗುರುಗಳು. ಡೆವೊರೆಯವರು ಡಾಕ್ಟರೇಟು ಮುಗಿಸಿ ಫ್ರಾನ್ಸಿನಿಂದ ಬಂದಿದ್ದ ತರುಣರು. ಮಾರ್ಟಿನಿಸರಾದರೋ ಇನ್ನೂ ಡಾಕ್ಟರೇಟಿಗಾಗಿ ಓದುತ್ತಿದ್ದ ವಿದ್ಯಾರ್ಥಿ. ಆ ವಿದ್ಯಾರ್ಥಿಯೇ ಮುಂದೆ ೨೦೧೯ರಲ್ಲಿ ಗೂಗಲ್ ಸಂಸ್ಥೆಯ ೫೩ ಕ್ಯೂಬಿಟ್‌ಗಳ ಯಂತ್ರವನ್ನು ಕಟ್ಟಿದವರ ಮುಖ್ಯಸ್ಥನಾದನು. ಇಂದಿನ ಕ್ವಾಂಟಮ್ ಗಣಕಗಳಲ್ಲಿ ಒಂದು ಮುಖ್ಯ ಜಾತಿಯು ಒಬ್ಬ ಗುರು, ಇಬ್ಬರು ತರುಣರು, ಒಂದು ಪ್ರಯೋಗಶಾಲೆ ಇವುಗಳಿಂದ ಹುಟ್ಟಿತು. ಫಲವು ಲೋಕಕ್ಕೆ ಕಾಣಲು ನಲ್ವತ್ತು ವರ್ಷ ಹಿಡಿಯಿತು. ಗುರುಶಿಷ್ಯ ಪರಂಪರೆಯನ್ನು ಕುರಿತು ದಿನವೂ ಭಾಷಣ ಮಾಡುವ ನಾವು ಇದನ್ನು ಇತರರಿಗಿಂತ ಮೊದಲೇ ಅರಿಯಬೇಕಾಗಿತ್ತು.

ನಮ್ಮಲ್ಲಿ ಆ ಶಿಷ್ಯನ ಸ್ಥಿತಿ ಹೇಗಿದೆ? ಎಂ.ಎಸ್‌ಸಿ. ಅಥವಾ ಎಂಜಿನಿಯರಿಂಗ್ ಪದವಿ ಮುಗಿಸಿ, ರಾಷ್ಟ್ರೀಯ ಪರೀಕ್ಷೆಯಲ್ಲಿ ಗೆದ್ದು, ಸಂಶೋಧನೆಗೆ ಸೇರಿದವನಿಗೆ ೨೦೨೩ರ ಜನವರಿಯಿಂದ ತಿಂಗಳಿಗೆ ೩೭,೦೦೦ ರೂಪಾಯಿ, ಎರಡು ವರ್ಷಗಳ ನಂತರ ೪೨,೦೦೦ ರೂಪಾಯಿ ವಿದ್ಯಾರ್ಥಿವೇತನವು ಗೊತ್ತಾಗಿದೆ. ಮೊತ್ತವು ತೀರ ಅಲ್ಪವೆಂದು ನಾವು ಹೇಳುವುದಿಲ್ಲ. ಆದರೆ ಇದು ಐದಾರು ವರ್ಷಗಳ ಕಾಲ, ಅದೂ ತಡೆಯಿಲ್ಲದೆ ಬಂದರೆ ಮಾತ್ರ ಅನ್ನಕ್ಕೆ ಆಧಾರ. ವಿದ್ಯಾರ್ಥಿವೇತನವು ತಿಂಗಳುಗಟ್ಟಲೆ ತಡವಾಗಿ ಕೈಸೇರುವ ದೂರುಗಳನ್ನು ದೇಶದ ಎಲ್ಲ ಕಡೆಯ ಸಂಶೋಧನ ವಿದ್ಯಾರ್ಥಿಗಳು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಅಷ್ಟರಲ್ಲಿ ಅವನೊಡನೆ ಓದಿದವರು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳಲ್ಲಿ ಕುಳಿತು ಮನೆಯ ಸಾಲವನ್ನು ತೀರಿಸಿರುತ್ತಾರೆ. ಇನ್ನು ಕೆಲವರು ಕೊಲ್ಲಿ ದೇಶಗಳಿಂದ ಊರಿಗೆ ಹಣ ಕಳುಹಿಸಿ ತಾರಸಿಯ ಮನೆಯನ್ನೇ ಕಟ್ಟಿಸಿರುತ್ತಾರೆ. ಬಜಪೆಯ ಗುಡ್ಡದ ಮೇಲಿನ ವಿಮಾನ ನಿಲ್ದಾಣದಲ್ಲಿ ೧೯೫೧ರ ದಶಂಬರ ೨೫ರಂದು ಪಂಡಿತ ನೆಹರೂ ಅವರು ಬಂದಿಳಿದರು. ೨೦೦೬ರಿಂದ ಅಲ್ಲಿಂದಲೇ ಕೊಲ್ಲಿ ದೇಶಗಳಿಗೆ ನೇರವಾಗಿ ವಿಮಾನಗಳು ಹಾರುತ್ತಿವೆ. ದುಡಿಮೆಗೆ ಹೋದವರನ್ನಾಗಲಿ, ಮಗನು ಬೇಗ ಸಂಪಾದಿಸಲೆಂದು ಬಯಸುವ ತಂದೆತಾಯಂದಿರನ್ನಾಗಲಿ ನಾವು ದೂಷಿಸುವುದಿಲ್ಲ. ಹೊಟ್ಟೆಯ ಲೆಕ್ಕ ಅವರದು. ಆ ಲೆಕ್ಕವನ್ನು ಬದಲಿಸಬೇಕಾದವರು ಸರಕಾರದವರು ಮತ್ತು ಸಮಾಜದ ಅನುಕೂಲಸ್ಥರು.

ಬುದ್ಧಿಬಲಕ್ಕೆ ಈ ನೆಲದಲ್ಲಿ ಕೊರತೆಯಿಲ್ಲವೆಂಬುದಕ್ಕೆ ಸಾಕ್ಷಿ ಬೇಕಾದರೆ ಉಡುಪಿಯ ಬಳಿಯ ಅದಮಾರು ಎಂಬ ಹಳ್ಳಿಯೊಂದೇ ಸಾಕು. ೧೯೩೨ರಲ್ಲಿ ಅಲ್ಲಿ ಹುಟ್ಟಿದ ಯು.ಆರ್. ರಾವ್ ಅವರು ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಓದಿ, ಅಹಮದಾಬಾದಿನಲ್ಲಿ ವಿಕ್ರಮ ಸಾರಾಭಾಯಿ ಅವರ ಶಿಷ್ಯರಾಗಿ ಡಾಕ್ಟರೇಟು ಪಡೆದು, ಅಮೇರಿಕದಲ್ಲಿ ದುಡಿದು, ದೇಶಕ್ಕೆ ಮರಳಿ, ೧೯೭೫ರ ಎಪ್ರಿಲ್ ೧೯ರಂದು ಆರ್ಯಭಟವೆಂಬ ನಮ್ಮ ಮೊದಲನೆಯ ಉಪಗ್ರಹವನ್ನು ಆಕಾಶಕ್ಕೇರಿಸಿದರು. ಕ್ವಾಂಟಮ್ ಮಿಶನ್ನಿಗೆ ಮಂಜೂರಾತಿ ದೊರೆತುದು ನಲ್ವತ್ತೆಂಟು ವರ್ಷಗಳ ಬಳಿಕ ಅದೇ ತಾರೀಕಿನಲ್ಲಿ ಎಂಬುದು ಆಕಸ್ಮಿಕವಾದರೂ ನೆನಪಿಡತಕ್ಕುದು. ಅದೇ ಅದಮಾರಿನ ಮಠದ ವಿದ್ಯಾಮಂಡಳಿಯವರು ಬೆಂಗಳೂರಿನ ಸಮೀಪ ಸ್ಥಾಪಿಸಿದ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನ ಸಂಸ್ಥೆಯಲ್ಲಿ ಪ್ರೊಫೆಸರ್ ಆರ್. ಶ್ರೀಕಾಂತರು ಕ್ವಾಂಟಮ್ ಮಾಹಿತಿಶಾಸ್ತ್ರದಲ್ಲಿಯೂ ಗೂಢಲಿಪಿಯಲ್ಲಿಯೂ ವರ್ಷಗಳಿಂದ ಸಂಶೋಧನೆ ನಡೆಸಿ ಶಿಷ್ಯರನ್ನು ತಯಾರಿಸಿದ್ದಾರೆ. ಕರಾವಳಿಯ ಮಠವೊಂದು ಇಷ್ಟನ್ನು ಮಾಡಬಲ್ಲುದಾದರೆ ಕರಾವಳಿಯ ವಿಶ್ವವಿದ್ಯಾಲಯಗಳು ಎಷ್ಟನ್ನು ಮಾಡಬಾರದು?

ದೊಡ್ಡ ಯಂತ್ರವಿಲ್ಲದೆ ಏನೂ ಆಗದು ಎಂಬ ನೆಪವೂ ನಿಲ್ಲತಕ್ಕುದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಪ್ರೊಫೆಸರ್ ಎ.ಆರ್. ಉಷಾದೇವಿಯವರು ರಾಜ್ಯದ ಒಂದು ಸಾಮಾನ್ಯ ವಿಶ್ವವಿದ್ಯಾಲಯದಲ್ಲಿದ್ದುಕೊಂಡೇ ಈ ಶಾಸ್ತ್ರದ ಸಿದ್ಧಾಂತಭಾಗದಲ್ಲಿ ಹೆಸರು ಗಳಿಸಿದರು. ಟಾಟಾ ಇನ್‌ಸ್ಟಿಟ್ಯೂಟಿನ ಅನಿಲ್ ಕುಮಾರರೂ ಅವರ ಶಿಷ್ಯರೂ ರಸಾಯನಿಕ ಪರೀಕ್ಷೆಗಾಗಿ ಇದ್ದ ಕಾಂತೀಯ ಅನುರಣನದ ಉಪಕರಣವನ್ನೇ ಬಳಸಿ ಕ್ವಾಂಟಮ್ ಲೆಕ್ಕಗಳ ಪ್ರಯೋಗ ನಡೆಸಿದರು. ಈ ವಿಷಯಕ್ಕೆ ಸಾವಿರ ಕೋಟಿಗಳ ಮಾತೇ ಹುಟ್ಟದಿದ್ದ ಕಾಲವದು. ಸರ್ ಸಿ.ವಿ. ರಾಮನ್ನರು ೧೯೪೮ರಲ್ಲಿ ಸ್ಥಾಪಿಸಿದ ಸಂಸ್ಥೆಯಲ್ಲಿ ಇಂದು ಊರ್ಬಸಿ ಸಿನ್ಹಾ ಅವರು ಬೆಳಕಿನ ಕಣಗಳಿಂದಲೇ ಗೂಢಸಂದೇಶಗಳ ಪ್ರಯೋಗಗಳನ್ನು ನಡೆಸುತ್ತಿದ್ದಾರೆ. ಇನ್ನು ಯಂತ್ರದ ಮಾತೆಂದರೆ, ಐ.ಬಿ.ಎಂ. ಸಂಸ್ಥೆಯವರು ೨೦೧೬ರಲ್ಲಿಯೇ ತಮ್ಮ ಕ್ವಾಂಟಮ್ ಯಂತ್ರವನ್ನು ಅಂತರ್ಜಾಲದ ಮೂಲಕ ಯಾರೂ ಉಪಯೋಗಿಸಬಹುದಾದಂತೆ ತೆರೆದಿಟ್ಟರು. ಬಜಪೆಯ ಮನೆಯೊಂದರ ಜಗಲಿಯಲ್ಲಿ ಕುಳಿತ ವಿದ್ಯಾರ್ಥಿಯೂ ಸಮುದ್ರದಾಚೆಯ ಯಂತ್ರಕ್ಕೆ ಲೆಕ್ಕ ಕಳುಹಿಸಬಲ್ಲನು. ಅವನಿಗೆ ಇಲ್ಲದಿರುವುದು ಯಂತ್ರವಲ್ಲ; ಕಳುಹಿಸಿದ ಲೆಕ್ಕ ತಪ್ಪಿದಾಗ, ಎಲ್ಲಿ ತಪ್ಪಿತೆಂದು ಹೇಳುವ ಉಪಾಧ್ಯಾಯನು.

ಇದೆಲ್ಲ ಬರಿಯ ಗುಲ್ಲು, ಸೋಪಿನ ಗುಳ್ಳೆಯಂತೆ ಒಡೆದುಹೋಗುವುದು ಎಂದು ಹೇಳುವ ವಿಚಾರವಂತರೂ ಇದ್ದಾರೆ. ಅವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ನಿತ್ಯಜೀವನಕ್ಕೆ ಪ್ರಯೋಜನಕರವಾದ ಲೆಕ್ಕವೊಂದನ್ನು ಹಳೆಯ ಗಣಕಗಳಿಗಿಂತ ನಿರ್ವಿವಾದವಾಗಿ ಚೆನ್ನಾಗಿ ಮಾಡುವ ಹಂತವನ್ನು ಈ ಯಂತ್ರಗಳು ಇನ್ನೂ ಮುಟ್ಟಿಲ್ಲ. ಗುಲ್ಲು ಹೆಚ್ಚಿದಲ್ಲಿ ಗುಲ್ಲಿನ ವ್ಯಾಪಾರವೂ ಹೆಚ್ಚುತ್ತದೆ. ಆರು ವಾರಗಳಲ್ಲಿ ಕ್ವಾಂಟಮ್ ಪಂಡಿತರನ್ನಾಗಿ ಮಾಡುವೆವೆಂದು ಶುಲ್ಕ ಕೀಳುವವರ ಬಲೆಗೆ ನಮ್ಮ ತರುಣರು ಬೀಳಬಾರದು. ಆದರೆ ಈ ಆಕ್ಷೇಪದಿಂದ ನಿಜವಾಗಿ ಸಿದ್ಧವಾಗುವ ಪಕ್ಷ ಬೇರೆಯೇ. ರೇಖೀಯ ಬೀಜಗಣಿತ, ಸಂಭವನೀಯತೆ, ಕ್ವಾಂಟಮ್ ಯಂತ್ರಶಾಸ್ತ್ರ, ಅತಿಶೀತದ ತಂತ್ರ, ಸೂಕ್ಷ್ಮ ವಿದ್ಯುನ್ಮಂಡಲಗಳು, ಇವುಗಳನ್ನು ಬುಡದಿಂದ ಕಲಿತವನ ವಿದ್ಯೆ ಗುಳ್ಳೆ ಒಡೆದರೂ ಕೆಡುವುದಿಲ್ಲ. ವೈದ್ಯಕೀಯ ಉಪಕರಣಗಳಲ್ಲಿ, ಉಪಗ್ರಹಗಳಲ್ಲಿ, ದೂರಸಂಪರ್ಕದಲ್ಲಿ ಅದಕ್ಕೆ ಬೆಲೆಯಿದ್ದೇ ಇದೆ. ಯಂತ್ರವನ್ನು ಕೊಂಡವನು ನಷ್ಟಪಡಬಹುದು. ಮನುಷ್ಯನನ್ನು ಓದಿಸಿದವನಿಗೆ ನಷ್ಟವಿಲ್ಲ. ನೆರೆಯ ಆಂಧ್ರದವರು ಅಮರಾವತಿಯಲ್ಲಿ ೧೫೬ ಕ್ಯೂಬಿಟ್‌ಗಳ ಯಂತ್ರವನ್ನು ಸ್ಥಾಪಿಸಲು ಒಪ್ಪಂದ ಮಾಡಿಕೊಂಡರೆಂಬ ಸುದ್ದಿಯಿಂದ ನಮ್ಮವರು ಮತ್ಸರಪಟ್ಟು ಇನ್ನೂ ದೊಡ್ಡ ಯಂತ್ರಕ್ಕೆ ಹವಣಿಸುವ ಬದಲು, ನೂರು ಸಂಶೋಧನ ವಿದ್ಯಾರ್ಥಿಗಳನ್ನು ಸಾಕಿದರೆ ಸ್ಪರ್ಧೆಯಲ್ಲಿ ನಾವೇ ಮುಂದಾಗುವೆವು.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ರಾಜ್ಯದ ಸಾವಿರ ಕೋಟಿಗಳಲ್ಲಿ ಒಂದು ಗೊತ್ತಾದ ಪಾಲನ್ನು ಬೆಂಗಳೂರಿನ ಹೊರಗಿನ ವಿಶ್ವವಿದ್ಯಾಲಯಗಳ ವಿದ್ಯಾರ್ಥಿವೇತನಕ್ಕೂ ಉಪಾಧ್ಯಾಯರ ನೇಮಕಕ್ಕೂ ಮೀಸಲಿಡಬೇಕು. ಹೆಸರಘಟ್ಟದಲ್ಲಿ ಕ್ವಾಂಟಮ್ ನಗರಕ್ಕೆ ಆರು ಎಕರೆಗಿಂತ ಮಿಕ್ಕ ಭೂಮಿಯನ್ನು ಗೊತ್ತುಮಾಡಿರುವುದು ಸಂತೋಷದ ಸಂಗತಿ; ಆ ನಗರದಲ್ಲಿ ದುಡಿಯುವವರು ಎಲ್ಲಿಂದ ಬರುವರೆಂಬುದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಗೊತ್ತುಮಾಡಬೇಕು. ಎರಡನೆಯದಾಗಿ, ೧೯೬೦ರಲ್ಲಿ ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ ಸುರತ್ಕಲ್ಲಿನಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ವಿದ್ಯಾಲಯವೂ, ೧೯೮೦ರಲ್ಲಿ ಕೊಣಾಜೆಯಲ್ಲಿ ಸ್ವತಂತ್ರವಾದ ಮಂಗಳೂರು ವಿಶ್ವವಿದ್ಯಾಲಯವೂ ಬಜಪೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮನೆಗೆ ಮರಳಬಹುದಾದಷ್ಟು ಹತ್ತಿರದಲ್ಲಿವೆ. ಒಂದರಲ್ಲಿ ಯಂತ್ರವಿದ್ಯೆ, ಇನ್ನೊಂದರಲ್ಲಿ ಶುದ್ಧವಿಜ್ಞಾನ. ಇವೆರಡೂ ಕೈಕೂಡಿಸಿ, ಬೆಂಗಳೂರಿನ ಕೇಂದ್ರದ ಗುರುಗಳನ್ನು ಸಹಮಾರ್ಗದರ್ಶಕರನ್ನಾಗಿ ಪಡೆದು, ಡಾಕ್ಟರೇಟಿನ ಒಂದು ಜಂಟಿ ಕಾರ್ಯಕ್ರಮವನ್ನು ನಡೆಸಬೇಕು. ಟಾಟಾ ಇನ್‌ಸ್ಟಿಟ್ಯೂಟಿನವರು ೨೦೨೧ರಲ್ಲಿ ಕ್ವಾಂಟಮ್ ತಂತ್ರವಿದ್ಯೆಯಲ್ಲಿ ಎಂ.ಟೆಕ್. ತರಗತಿಯನ್ನು ಆರಂಭಿಸಿ ದಾರಿ ತೋರಿಸಿದ್ದಾರೆ, ಅನುಸರಿಸುವುದಕ್ಕೆ ಸಂಕೋಚವೇಕೆ?

ಮೂರನೆಯದಾಗಿ, ಕಾಲೇಜುಗಳಲ್ಲಿ ಭೌತಶಾಸ್ತ್ರ, ಗಣಿತಶಾಸ್ತ್ರಗಳ ಖಾಯಂ ಹುದ್ದೆಗಳನ್ನು ತುಂಬಬೇಕು. ಇಂದು ಇದ್ದು ನಾಳೆ ಇರುವೆನೋ ಇಲ್ಲವೋ ಎಂಬ ಅತಿಥಿ ಉಪನ್ಯಾಸಕನಿಂದ ಹತ್ತು ವರ್ಷದ ಶಿಷ್ಯಪರಂಪರೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ನಾಲ್ಕನೆಯದಾಗಿ, ಈ ಶಾಸ್ತ್ರದ ಪ್ರವೇಶಗ್ರಂಥಗಳು ಕನ್ನಡದಲ್ಲಿ ಬರಬೇಕು. ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ, ಮುಂದೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚವನ್ನೂ ರಚಿಸಿದ ಜಿಲ್ಲೆಯಲ್ಲಿ, ಕನ್ನಡಕ್ಕೆ ಆ ಶಕ್ತಿಯಿಲ್ಲವೆಂದು ಹೇಳುವ ಧೈರ್ಯ ಯಾರಿಗೂ ಬರಬಾರದು. ಉನ್ನತ ಸಂಶೋಧನೆಯು ಇಂಗ್ಲಿಷಿನಲ್ಲಿಯೇ ನಡೆಯಲಿ, ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಹದಿನೈದರ ಹುಡುಗಿಗೆ ಮೊದಲ ಬೆರಗು ಅವಳ ಭಾಷೆಯಲ್ಲಿಯೇ ಹುಟ್ಟಬೇಕು.

ಕೊನೆಯದಾಗಿ, ಎಲ್ಲವನ್ನೂ ಸರಕಾರದ ಬಾಗಿಲಲ್ಲಿಯೇ ಬೇಡುವುದು ಈ ಜಿಲ್ಲೆಯ ರೀತಿಯಲ್ಲ. ಸಿಂಡಿಕೇಟ್ ಬ್ಯಾಂಕಿನವರು ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಕೂಡಿಸಿ, ಬಡವರ ಉಳಿತಾಯದಿಂದಲೇ ದೊಡ್ಡ ಬ್ಯಾಂಕನ್ನು ಬೆಳೆಸಿದ ನೆಲವಿದು. ಬೆಂಗಳೂರು, ಮುಂಬಯಿ, ದುಬಾಯಿಗಳಲ್ಲಿ ಸಂಪಾದಿಸುವ ನಮ್ಮ ಜಿಲ್ಲೆಯವರು ಊರಿನ ದೇವಸ್ಥಾನ, ಇಗರ್ಜಿ, ಮಸೀದಿಗಳ ಜೀರ್ಣೋದ್ಧಾರಕ್ಕೆ ಉದಾರವಾಗಿ ಕೊಡುವುದನ್ನು ನಾವು ಬಲ್ಲೆವು. ಅದೇ ಔದಾರ್ಯದ ಒಂದಂಶವು ಕೊಣಾಜೆಯಲ್ಲಿ ಒಂದು ಅಧ್ಯಾಪಕಪೀಠಕ್ಕೂ, ಪ್ರತಿ ವರ್ಷ ನಾಲ್ಕು ಮಂದಿ ಸಂಶೋಧನ ವಿದ್ಯಾರ್ಥಿಗಳ ಊಟವಸತಿಗೂ, ಸರಕಾರಿ ವೇತನ ತಡವಾದ ತಿಂಗಳಲ್ಲಿ ಕೊಡುವ ಕೈಸಾಲದ ನಿಧಿಗೂ ಸಲ್ಲಬಾರದೇ? ನಮ್ಮ ಬಂದರದಂತೆಯೇ ವ್ಯಾಪಾರದಿಂದ ಬದುಕಿದ ಪುಟ್ಟ ಸಿಂಗಾಪುರವು ೨೦೦೭ರಲ್ಲಿ ಕ್ವಾಂಟಮ್ ಸಂಶೋಧನ ಕೇಂದ್ರವನ್ನು ತೆರೆದು ಇಂದು ಲೋಕದ ವಿದ್ಯಾರ್ಥಿಗಳನ್ನು ತನ್ನೆಡೆಗೆ ಸೆಳೆಯುತ್ತಿದೆ. ಕೆನಡದ ವಾಟರ್ಲೂ, ಹಾಲೆಂಡಿನ ಡೆಲ್ಫ್ಟ್ ಎಂಬ ಊರುಗಳೂ ಮಹಾನಗರಗಳೇನಲ್ಲ.

ವಿದೇಶಕ್ಕೆ ಹೋಗಿ ಕಲಿಯುವುದನ್ನು ಯಾರೂ ತಡೆಯಬೇಕಾಗಿಲ್ಲ. ರಾವ್ ಅವರೂ ಹೋದರು, ಮರಳಿ ಬಂದರು. ಅವರು ಮರಳಿ ಬಂದಾಗ ಅಹಮದಾಬಾದಿನಲ್ಲಿ ಅವರ ಗುರುಗಳ ಪ್ರಯೋಗಶಾಲೆಯು ಅವರಿಗಾಗಿ ತೆರೆದಿತ್ತು. ನಾಳೆ ಮರಳಿ ಬರುವ ನಮ್ಮ ಮಕ್ಕಳಿಗೆ ಹಾಗೆ ತೆರೆದಿರುವ ಬಾಗಿಲು ಈ ಜಿಲ್ಲೆಯಲ್ಲಿ ಯಾವುದು? ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ಬಹುಕಾಲ ಪಾಲಿಸಿದ್ದಾಯಿತು. ಮುಂದಿನ ಆಯವ್ಯಯದ ಪಟ್ಟಿಯು ವಿಧಾನಸಭೆಯ ಮುಂದೆ ಬರುವ ಮೊದಲೇ ನಮ್ಮ ಜಿಲ್ಲೆಯ ಶಾಸಕರೂ ಲೋಕಸಭಾ ಸದಸ್ಯರೂ ಪಕ್ಷಭೇದವನ್ನು ಬದಿಗಿರಿಸಿ, ಎರಡು ವಿದ್ಯಾಲಯಗಳ ಮುಖ್ಯಸ್ಥರನ್ನು ಒಂದೆಡೆ ಕೂರಿಸಿಕೊಂಡು, ಇಷ್ಟು ಹುದ್ದೆ, ಇಷ್ಟು ವಿದ್ಯಾರ್ಥಿವೇತನ, ಇಷ್ಟು ವರ್ಷ ಎಂಬ ಲಿಖಿತ ಬೇಡಿಕೆಯೊಂದನ್ನು ಸರಕಾರದ ಮುಂದಿಡಲಿ. ಅಂಕಿಸಂಖ್ಯೆಯಿಲ್ಲದ ಬೇಡಿಕೆಗೆ ಭಾಷಣವೇ ಉತ್ತರವಾಗಿ ಬರುತ್ತದೆ. ಭಾಷಣಗಳು ಸಾಕಷ್ಟು ಆಗಿವೆ.